ಬೆಳಿಗ್ಗೆ 18, ಮಧ್ಯಾಹ್ನ 28

ಪೀಣ್ಯದ ಒಂದು ಔಷಧಿ ಕಾರ್ಖಾನೆಯ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬ್‌ನಲ್ಲಿದ್ದಾಗಿನ ಮಾತು. ಜನವರಿ. ಬೆಳಿಗ್ಗೆ ಏಳಕ್ಕೆ ಬಂದರೆ ರಾತ್ರಿಯ ಚಳಿಗೆ ಗ್ಲೇಷಿಯಲ್ (ನೀರಿಲ್ಲದ) ಅಸಿಟಿಕ್ ಆಸಿಡ್ ಬಾಟಲಿಯ ತಳದಲ್ಲಿ ಹರಳು ಕಟ್ಟಿತ್ತು. ಅದು 16.6 ಡಿಗ್ರಿಗೇ ಗಟ್ಟಿಯಾಗುತ್ತದೆ. ನೋಡಿದೆ, ಸುಮ್ನೆ ಮುಂದೆ ಹೋದೆ.

ಹಿಂದಿನ ದಿನ ಅದೇ ಅಸಿಟಿಕ್ ಆಸಿಡ್‌ನಲ್ಲಿ ಮಾಡಿಟ್ಟಿದ್ದ 0.1 ನಾರ್ಮಲ್ ಪರ್ಕ್ಲೋರಿಕ್ ಆಸಿಡ್ ಸೊಲ್ಯೂಷನ್ ಸ್ಟ್ಯಾಂಡರ್ಡೈಸ್ ಮಾಡಬೇಕಿತ್ತು, ಅಂದರೆ ಅದರ ನಿಖರ ಸಾಂದ್ರತೆ ಕಂಡುಹಿಡಿಯಬೇಕಿತ್ತು. ಅದಕ್ಕೆ ಅಳತೆಗೋಲಾಗಿ ಬಳಸುವ ಶುದ್ಧ ಪುಡಿ ಕೆಎಚ್‌ಪಿಯನ್ನು 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದ್ದೆ. ಮೂರು ರೀಡಿಂಗೂ ಒಂದಕ್ಕೊಂದು ಕೂಡಿ ಬಂದವು. 0.1002 ಎಂದು ಲೇಬಲ್ ಅಂಟಿಸಿದೆ. ರಿಜಿಸ್ಟರ್‌ನಲ್ಲಿ ಉಷ್ಣತೆಯ ಕಾಲಂ ಇದೆ. ಅಲ್ಲಿ 25 ಎಂದು ಬರೆದೆ. ಥರ್ಮಾಮೀಟರ್ ಮುಟ್ಟಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಜೂನಿಯರ್ ಹುಡುಗಿ ಅದೇ ಸೊಲ್ಯೂಷನ್ ಬಳಸಿ ಮಾಡಿದ ಒಂದು ಬ್ಯಾಚ್‌ನ ಅಸ್ಸೇ, ಅಂದರೆ ಔಷಧಿಯ ಶೇಕಡಾವಾರು ಪ್ರಮಾಣ, ತಂದಳು. 101.2. ನಮ್ಮ ಲಿಮಿಟ್ 99.0ರಿಂದ 101.0. ಸಂಜೆ ಡಿಸ್ಪ್ಯಾಚ್ ಬೇರೆ. ಪ್ರೊಡಕ್ಷನ್‌ನಿಂದ ಫೋನ್ ಮೇಲೆ ಫೋನ್.

"ಎಂಡ್ ಪಾಯಿಂಟ್ ದಾಟಿಸಿದ್ದೀಯ" ಎಂದೆ, ಬಣ್ಣ ಬದಲಾದ ಮೇಲೂ ಬ್ಯೂರೆಟ್‌ನಿಂದ ಆಸಿಡ್ ಹನಿಸಿದ್ದೀಯ ಎಂಬರ್ಥದಲ್ಲಿ. ಎಲ್ಲರ ಎದುರಿಗೇ, ಜೋರಾಗಿ.

"ಇಲ್ಲ ಮೇಡಂ, ನೀಲಿ-ಹಸಿರು ಬಂದ ತಕ್ಷಣ ನಿಲ್ಲಿಸಿದೆ."

ನಾನು ಕೇಳಲಿಲ್ಲ. ಅವಳ ತೂಕದ ಪ್ರಿಂಟ್ ತೆಗೆಸಿದೆ, ಬ್ಯೂರೆಟ್ ಬದಲಾಯಿಸಿದೆ, ಪಕ್ಕದಲ್ಲೇ ನಿಂತು ಇನ್ನೊಮ್ಮೆ ಮಾಡಿಸಿದೆ. ಮತ್ತೆ 101.2. ಕೈ ತಣ್ಣಗಾಯಿತು. ಆಗ ಅವಳು ಮೆಲ್ಲಗೆ ಕೇಳಿದಳು: "ಬೆಳಿಗ್ಗೆ ಸೊಲ್ಯೂಷನ್ ಎಷ್ಟು ಡಿಗ್ರಿ ಇತ್ತು ಮೇಡಂ?"

ಲ್ಯಾಬ್‌ನ ಎಸಿ ಕೆಟ್ಟು ಎರಡು ತಿಂಗಳಾಗಿತ್ತು. ರಿಪೇರಿಗೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿ ಹಾಕಿ ಸಾಕಾಗಿತ್ತು. ಸೊಲ್ಯೂಷನ್ ಬಾಟಲಿ ಕಿಟಕಿ ಪಕ್ಕ ಇತ್ತು. ಥರ್ಮಾಮೀಟರ್ ಅದ್ದಿದರೆ 28. ರೂಮಿನ ರಿಜಿಸ್ಟರ್‌ನಲ್ಲಿ ಬೆಳಿಗ್ಗೆ ಏಳಕ್ಕೆ 18. ಅಸಿಟಿಕ್ ಆಸಿಡ್ ಒಂದು ಡಿಗ್ರಿಗೆ ಸುಮಾರು ಶೇ 0.11ರಷ್ಟು ಹಿಗ್ಗುತ್ತದೆ, ನೀರಿಗಿಂತ ಐದು ಪಟ್ಟು ಜಾಸ್ತಿ. ಹತ್ತು ಡಿಗ್ರಿಗೆ ಶೇ 1.1. ಸೊಲ್ಯೂಷನ್ ಅಷ್ಟು ತೆಳುವಾಗಿತ್ತು, ಅದಕ್ಕೇ ಬ್ಯೂರೆಟ್‌ನಿಂದ ಜಾಸ್ತಿ ಇಳಿದಿತ್ತು. ಅಲ್ಲೇ ಮತ್ತೆ ಸ್ಟ್ಯಾಂಡರ್ಡೈಸ್ ಮಾಡಿದೆವು. 0.0991. ಅಸ್ಸೇ 100.1.

ಬ್ಯಾಚ್ ಉಳಿಯಿತು. ಆದರೆ ಓಓಎಸ್ (ಫಲಿತಾಂಶ ಲಿಮಿಟ್ ಮೀರಿದಾಗ ತುಂಬುವ) ಫಾರ್ಮ್‌ನಲ್ಲಿ ಮ್ಯಾನೇಜರ್ ಅವಳ ಹೆಸರಿನ ಮುಂದೆ "ರೀಟ್ರೈನಿಂಗ್" ಎಂದು ಬರೆಸಲು ಹೊರಟಿದ್ದರು. ಎಸಿ ಮಾತು ಎಲ್ಲೂ ಇರಲಿಲ್ಲ. ನಾನು ಬಿಡಲಿಲ್ಲ. ಆ 25 ನಾನು ಅಳೆಯದೇ ಬರೆದದ್ದು ಎಂದು ಬರೆದು ಸಹಿ ಹಾಕಿದೆ. ಮರುದಿನ ಅದೇ ಬೆಂಚಿನ ಹತ್ತಿರ, ಅದೇ ಜನರ ಮುಂದೆ ಅವಳ ಕ್ಷಮೆ ಕೇಳಿದೆ.