ಫುಲ್ ಎಚ್‌ಡಿ ಸಾಕೇ, 4ಕೆ ಬೇಕೇ? ಮೊದಲು ಅಳತೆಪಟ್ಟಿ ಹುಡುಕಿ

ಪರಿಚಯದವರು ಯಾರಾದರೂ ಟಿವಿ ಕೊಳ್ಳಲು ಹೊರಟರೆ ನನಗೊಂದು ಕರೆ ಬರುತ್ತದೆ. ವಿಡಿಯೊ ಸಂಕಲನ ನನ್ನ ವೃತ್ತಿ. ದಿನವಿಡೀ ಪರದೆಗಳ ಮುಂದೆ ಕೂರುವವನಿಗೆ ಇದು ಗೊತ್ತಿರಲೇಬೇಕು ಎಂಬ ನಂಬಿಕೆ ಅವರದು. ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಒಂದು ಫುಲ್ ಎಚ್‌ಡಿ ಟಿವಿ ಕಡಿಮೆ ಬೆಲೆಗೆ ಸಿಗುತ್ತಿದೆ. ಅದನ್ನೇ ಕೊಳ್ಳಲೇ, ಇನ್ನಷ್ಟು ಹಣ ಸೇರಿಸಿ ಹೊಸ 4ಕೆ ಕೊಳ್ಳಲೇ?" ನನ್ನ ಮರುಪ್ರಶ್ನೆಯೂ ಒಂದೇ. ನೀವು ಕೂರುವ ಜಾಗದಿಂದ ಟಿವಿ ಇಡುವ ಗೋಡೆಗೆ ಎಷ್ಟು ದೂರ? ಹೆಚ್ಚಿನವರು ಅಂದಾಜಿನಲ್ಲಿ ಏನೋ ಹೇಳುತ್ತಾರೆ. ಅಂದಾಜು ಬೇಡ, ಅಳೆದು ಮತ್ತೆ ಕರೆ ಮಾಡಿ ಎನ್ನುತ್ತೇನೆ. ಉತ್ತರದ ಅರ್ಧಭಾಗ ಆ ಅಳತೆಯಲ್ಲಿಯೇ ಇರುತ್ತದೆ.

ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿನಿಂದ ಕೆಳಕ್ಕೆ 1080 ಪಿಕ್ಸೆಲ್‌ಗಳು, ಅಂದರೆ ಚಿತ್ರವನ್ನು ಮೂಡಿಸುವ ಪುಟ್ಟ ಚುಕ್ಕಿಗಳು. ಒಟ್ಟು ಸುಮಾರು 20.7 ಲಕ್ಷ. 4ಕೆಯಲ್ಲಿ ಅದು 3840 ಮತ್ತು 2160. ಒಟ್ಟು ಸುಮಾರು 83 ಲಕ್ಷ. ನಾಲ್ಕು ಪಟ್ಟು ಎಂಬ ಮಾತು ಬಂದದ್ದು ಇಲ್ಲಿಂದ. ಲೆಕ್ಕ ಸರಿಯೇ, ಆದರೆ ನೋಡುವ ಕಣ್ಣಿಗೂ ಒಂದು ಮಿತಿ ಇದೆ. ವೈದ್ಯರು 6/6 ಎಂದು ಬರೆಯುವ ಸಾಮಾನ್ಯ ದೃಷ್ಟಿ ಒಂದು ಡಿಗ್ರಿ ಕೋನದ ಅರವತ್ತನೆಯ ಒಂದು ಭಾಗದಷ್ಟು ಸಣ್ಣ ವಿವರವನ್ನು ಬಿಡಿಸಿ ನೋಡಬಲ್ಲದು. ಅದಕ್ಕಿಂತ ಸಣ್ಣದು ಪಕ್ಕದ ಚುಕ್ಕಿಯೊಂದಿಗೆ ಬೆರೆತುಹೋಗುತ್ತದೆ.

ಇದನ್ನು ಟಿವಿಗೆ ಅನ್ವಯಿಸಿ ನೋಡೋಣ. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂಟಿಮೀಟರ್. ಫುಲ್ ಎಚ್‌ಡಿಯಾದರೆ ಒಂದು ಪಿಕ್ಸೆಲ್ಲಿನ ಅಗಲ 0.63 ಮಿಲಿಮೀಟರ್. ಸುಮಾರು 2.2 ಮೀಟರ್ ದೂರ ಹೋದರೆ ಆ ಚುಕ್ಕಿ ಕಣ್ಣಿನ ಮಿತಿಯೊಳಗೆ ಕರಗುತ್ತದೆ. ಇದೇ ಲೆಕ್ಕವನ್ನು ಬೇರೆ ಬೇರೆ ಗಾತ್ರಗಳಿಗೆ ಮಾಡುತ್ತಾ ಹೋದಾಗ ನನಗೆ ಒಂದು ಸುಲಭ ಸೂತ್ರ ಸಿಕ್ಕಿತು. ಪರದೆಯ ಇಂಚುಗಳನ್ನು ನಾಲ್ಕರಿಂದ ಗುಣಿಸಿ. ಬಂದಷ್ಟು ಸೆಂಟಿಮೀಟರ್ ದೂರದಲ್ಲಿ ಫುಲ್ ಎಚ್‌ಡಿಯ ಚುಕ್ಕಿಗಳು ಕಾಣದಾಗುತ್ತವೆ. 43 ಇಂಚಿಗೆ 172 ಸೆಂಟಿಮೀಟರ್, 65 ಇಂಚಿಗೆ 260. ನೀವು ಅದಕ್ಕಿಂತ ದೂರ ಕೂರುತ್ತೀರಾದರೆ 4ಕೆಯ ಹೆಚ್ಚುವರಿ ಚುಕ್ಕಿಗಳು ನಿಮ್ಮ ಕಣ್ಣನ್ನು ತಲುಪುವುದೇ ಕಷ್ಟ. ಹತ್ತಿರ ಕೂರುತ್ತೀರಾದರೆ ತಲುಪುತ್ತವೆ, ಹತ್ತಿರವಾದಷ್ಟೂ ಹೆಚ್ಚು ತಲುಪುತ್ತವೆ. ಇದು ಸೀಮೆಸುಣ್ಣದಲ್ಲಿ ಎಳೆದ ಗೆರೆಯಂತೆ ಖಚಿತವಲ್ಲ. ಕೆಲವರ ದೃಷ್ಟಿ ಸರಾಸರಿಗಿಂತ ಚುರುಕು, ಕೆಲವರದು ಮಂದ. ಆದರೂ ನಾನು ನೋಡಿದ ಮನೆಗಳಲ್ಲಿ ಈ ಗುಣಾಕಾರ ಮೋಸ ಮಾಡಿಲ್ಲ.

ದೂರ ಅಳೆದ ಮೇಲಿನ ಪ್ರಶ್ನೆ, ಆ ಪರದೆಯಲ್ಲಿ ನೀವು ನೋಡುವುದೇನು ಎಂಬುದು. ಇದನ್ನು ನಾನು ನನ್ನ ತಂದೆಯ ಮನೆಯಲ್ಲಿ ಕಲಿತೆ. ಅವರ ಹಳೆಯ 32 ಇಂಚಿನ ಟಿವಿಯ ಜಾಗಕ್ಕೆ ಒಂದು 55 ಇಂಚಿನ 4ಕೆ ಟಿವಿಯನ್ನು ಬಹಳ ಸಂತೋಷದಿಂದ ತಂದು ಹಾಕಿದೆ. ಎರಡು ದಿನ ನೋಡಿದ ಅವರು, "ಹಳೆಯದರಲ್ಲಿಯೇ ಮುಖಗಳು ಸ್ಪಷ್ಟವಿದ್ದವು. ಇದರಲ್ಲಿ ಎಲ್ಲರೂ ಮೇಣ ಹಚ್ಚಿಕೊಂಡಂತೆ ಕಾಣುತ್ತಾರೆ" ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಅವರು ನೋಡುತ್ತಿದ್ದದ್ದು ಹಳೆಯ ಗುಣಮಟ್ಟದ ವಾಹಿನಿಗಳನ್ನು. ಆ ಪ್ರಸಾರದಲ್ಲಿ ಒಂದು ಚಿತ್ರಕ್ಕೆ ಹೆಚ್ಚೆಂದರೆ 720ಕ್ಕೆ 576, ಅಂದರೆ ಸುಮಾರು ನಾಲ್ಕು ಲಕ್ಷ ಪಿಕ್ಸೆಲ್ ಇರುತ್ತದೆ. ಅದನ್ನು 83 ಲಕ್ಷ ಚುಕ್ಕಿಗಳ ಪರದೆಯಲ್ಲಿ ತುಂಬಬೇಕಾದರೆ ಪ್ರತಿ ಇಪ್ಪತ್ತು ಚುಕ್ಕಿಗಳಲ್ಲಿ ಹತ್ತೊಂಬತ್ತನ್ನು ಟಿವಿಯೇ ಊಹಿಸಿ ಬರೆಯಬೇಕು. ಒಳ್ಳೆಯ ಟಿವಿ ಒಳ್ಳೆಯ ಊಹೆ ಮಾಡುತ್ತದೆ, ಅಗ್ಗದ ಟಿವಿ ಚರ್ಮದ ಗೆರೆಗಳನ್ನೆಲ್ಲ ಒರೆಸಿ ಹಾಕುತ್ತದೆ. ಜೊತೆಗೆ ಪರದೆ ದೊಡ್ಡದಾದಾಗ ಮೂಲದ ಕೊರತೆಯೂ ಅಷ್ಟೇ ದೊಡ್ಡದಾಗುತ್ತದೆ. ನಿಮ್ಮ ಮನೆಯಲ್ಲಿ ಹೆಚ್ಚು ಹೊತ್ತು ಓಡುವುದು ಇಂಥ ಪ್ರಸಾರವೇ ಆಗಿದ್ದರೆ ಸಣ್ಣ ಫುಲ್ ಎಚ್‌ಡಿ ಟಿವಿ ನಿಜವಾಗಿಯೂ ಚೆನ್ನಾಗಿ ಕಾಣುತ್ತದೆ. ಅದನ್ನು ಕೊಂಡದ್ದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ಸಣ್ಣ ಗಾತ್ರದ ಅನೇಕ ಟಿವಿಗಳ ಮೇಲೆ ಬರೀ "ಎಚ್‌ಡಿ" ಅಥವಾ "ಎಚ್‌ಡಿ ರೆಡಿ" ಎಂದಿರುತ್ತದೆ. ಅವುಗಳ ಪರದೆ ಸಾಮಾನ್ಯವಾಗಿ 1366ಕ್ಕೆ 768. ಈ ಅಳತೆಯಲ್ಲಿ ಯಾವ ವಿಡಿಯೊವೂ ತಯಾರಾಗುವುದಿಲ್ಲ. 720 ಸಾಲಿನ ಚಿತ್ರವನ್ನು ಇದು ಸ್ವಲ್ಪ ಎಳೆಯಬೇಕು, 1080 ಸಾಲಿನದನ್ನು ಕುಗ್ಗಿಸಬೇಕು. ಎರಡು ಸಲವೂ ಗುಣಾಕಾರ ಅಪೂರ್ಣಾಂಕ, ಎರಡು ಸಲವೂ ಅಂಚುಗಳು ಮಸುಕಾಗುತ್ತವೆ. 1080ರಿಂದ 4ಕೆಗೆ ಹೋಗುವಾಗ ಹಾಗಲ್ಲ: ಒಂದು ಚುಕ್ಕಿಯ ಜಾಗದಲ್ಲಿ ಸರಿಯಾಗಿ ಎರಡಕ್ಕೆರಡು ಚುಕ್ಕಿಗಳು ಕೂರುತ್ತವೆ. 720ರಿಂದ ಹೋದರೂ ಮೂರಕ್ಕೆ ಮೂರು. ಆದ್ದರಿಂದ ಕಡಿಮೆ ರೆಸಲ್ಯೂಶನ್ನಿನ ಟಿವಿ ಕೊಳ್ಳುತ್ತೇನೆ ಎನ್ನುವವರಿಗೆ ನಾನು ಹೇಳುವುದು, ಫುಲ್ ಎಚ್‌ಡಿಗಿಂತ ಕೆಳಗೆ ಇಳಿಯಬೇಡಿ.

4ಕೆ ಎಂದು ಬರೆದುಕೊಂಡು ಬರುವ ಎಲ್ಲವೂ ಹುಟ್ಟಿನಿಂದ 4ಕೆ ಅಲ್ಲ ಎಂಬುದು ನಮ್ಮ ಸಂಕಲನ ಕೋಣೆಗಳಲ್ಲಿ ಎಲ್ಲರಿಗೂ ಗೊತ್ತು. ಕಳೆದ ಎರಡು ದಶಕಗಳ ಬಹಳಷ್ಟು ಚಲನಚಿತ್ರಗಳ ಅಂತಿಮ ಪ್ರತಿ ಸಿದ್ಧವಾದದ್ದು 2ಕೆಯಲ್ಲಿ, ಅಂದರೆ ಅಡ್ಡಕ್ಕೆ 2048 ಪಿಕ್ಸೆಲ್‌ಗಳಲ್ಲಿ. ಅದು ಫುಲ್ ಎಚ್‌ಡಿಗಿಂತ ಕೂದಲೆಳೆಯಷ್ಟು ಹೆಚ್ಚು. ಅವುಗಳ 4ಕೆ ಆವೃತ್ತಿ ಹಿಗ್ಗಿಸಿ ಮಾಡಿದ್ದು. ಇನ್ನು ಅಂತರಜಾಲದ ಮೂಲಕ ಬರುವ ಚಿತ್ರಕ್ಕೆ ಬಿಟ್‌ಗಳದ್ದೇ, ಅಂದರೆ ಮಾಹಿತಿಯದ್ದೇ ಬರ. ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿಗೆ ಶಿಫಾರಸು ಮಾಡುವ ಸಂಪರ್ಕದ ವೇಗ 5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), 4ಕೆಗೆ 15. ಹಳೆಯ ಫುಲ್ ಎಚ್‌ಡಿ ಬ್ಲೂ-ರೇ ಡಿಸ್ಕ್‌ನಲ್ಲಿ ಚಿತ್ರವೊಂದಕ್ಕೇ 40 ಎಂಬಿಪಿಎಸ್‌ವರೆಗೆ ಅವಕಾಶವಿದೆ. ಹೊಸ ಸಂಕೋಚನ ತಂತ್ರಗಳು ಕಡಿಮೆ ಬಿಟ್‌ಗಳಲ್ಲಿ ಹೆಚ್ಚು ಕೆಲಸ ಮಾಡುತ್ತವೆ, ಆದ್ದರಿಂದ ಈ ಅಂಕಿಗಳನ್ನು ನೇರವಾಗಿ ತೂಗಬಾರದು. ಆದರೂ ಮಳೆ, ಹೊಗೆ, ಅಲೆಯಂಥ ದೃಶ್ಯಗಳಲ್ಲಿ ಒಳ್ಳೆಯ ಡಿಸ್ಕ್ ಹಾಕಿದ ಫುಲ್ ಎಚ್‌ಡಿ ಟಿವಿ ಗೆಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟು ಕೇಳಿದವರು ಹಾಗಾದರೆ ಫುಲ್ ಎಚ್‌ಡಿಯೇ ಸಾಕು ಎಂದುಕೊಳ್ಳುತ್ತಾರೆ. ನಿಲ್ಲಿ ಎನ್ನುತ್ತೇನೆ. ಚಿತ್ರದ ಸೊಗಸನ್ನು ನಿರ್ಧರಿಸುವುದು ಚುಕ್ಕಿಗಳ ಎಣಿಕೆಗಿಂತ ಹೆಚ್ಚಾಗಿ ಕಪ್ಪು ಎಷ್ಟು ಕಪ್ಪಾಗಿದೆ, ಬಿಳಿ ಎಷ್ಟು ಬೆಳಗುತ್ತದೆ ಎಂಬ ಅಂತರ. ಈ ಮಾತಿನಲ್ಲಿ ನನಗೆ ಸ್ವಲ್ಪವೂ ಅನುಮಾನವಿಲ್ಲ. ಎಲ್‌ಸಿಡಿ ಪರದೆಯ ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಪರದೆ ಆ ಬೆಳಕನ್ನು ತಡೆಯಬೇಕು, ಪೂರ್ತಿ ತಡೆಯಲಾರದು. ಐಪಿಎಸ್ ಬಗೆಯ ಪರದೆಯಲ್ಲಿ ಬಿಳಿಗೂ ಕಪ್ಪಿಗೂ ಅಂತರ ಸಾವಿರಕ್ಕೆ ಒಂದರ ಆಸುಪಾಸು, ವಿಎ ಬಗೆಯಲ್ಲಿ ಅದರ ಮೂರು ಪಟ್ಟು ಅಥವಾ ಇನ್ನೂ ಹೆಚ್ಚು. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ದೀಪ, ಬೇಡವಾದಾಗ ಆರಿಹೋಗುತ್ತದೆ. ನನ್ನ ಮನೆಯಲ್ಲಿ ಬಹಳ ವರ್ಷ ಒಂದು ಫುಲ್ ಎಚ್‌ಡಿ ಪ್ಲಾಸ್ಮಾ ಟಿವಿ ಇತ್ತು. ಅದೂ ತಾನೇ ಬೆಳಗುವ ಚುಕ್ಕಿಗಳದ್ದು. ಪ್ಯಾನಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ಪರದೆಗಳ ತಯಾರಿಕೆ ನಿಲ್ಲಿಸಿದಾಗ ನನಗೆ ನಿಜವಾಗಿಯೂ ನೋವಾಯಿತು. ಆ ಟಿವಿ ಭಾರವಾಗಿತ್ತು, ಬಿಸಿಯಾಗುತ್ತಿತ್ತು. ಆದರೆ ದೀಪ ಆರಿಸಿದ ಕೋಣೆಯಲ್ಲಿ ಅದರ ರಾತ್ರಿಯ ದೃಶ್ಯಗಳನ್ನು ನೋಡಿದ ಮೇಲೆ ಅಗ್ಗದ 4ಕೆ ಟಿವಿಗಳ ಬೂದು ಬಣ್ಣದ ಕಪ್ಪನ್ನು ಬಹಳ ದಿನ ಸಹಿಸಲಾಗಲಿಲ್ಲ.

ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್, ಬೆಳಕು-ಕತ್ತಲಿನ ಹೆಚ್ಚಿನ ಅಂತರ) ಎಂಬ ಪದದ ತಿರುಳೂ ಇದೇ. ಹಳೆಯ ಪದ್ಧತಿಯಲ್ಲಿ ಪ್ರತಿ ಮೂಲಬಣ್ಣಕ್ಕೆ 256 ಮೆಟ್ಟಿಲುಗಳು, ಎಚ್‌ಡಿಆರ್‌10ರಲ್ಲಿ 1024. ಮುಸ್ಸಂಜೆಯ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯದೆ ನಯವಾಗಿ ಬಣ್ಣ ಬದಲಿಸುವುದಕ್ಕೆ, ಕತ್ತಲಲ್ಲಿ ಹಣತೆಯೊಂದು ನಿಜವಾಗಿ ಉರಿಯುವಂತೆ ತೋರುವುದಕ್ಕೆ ಇದು ಕಾರಣ. ಮೂರು ಮೀಟರ್ ದೂರದಿಂದಲೂ, ಕನ್ನಡಕ ಹಾಕಿಕೊಂಡವರಿಗೂ ಈ ವ್ಯತ್ಯಾಸ ಗೊತ್ತಾಗುತ್ತದೆ. ಹೊಸ ಟಿವಿಗೆ ಹಣ ಕೊಡುವುದಾದರೆ ಇದಕ್ಕಾಗಿ ಕೊಡಿ. ಆದರೆ ಪೆಟ್ಟಿಗೆಯ ಮೇಲಿನ ಎಚ್‌ಡಿಆರ್ ಮುದ್ರೆಯನ್ನು ನಂಬಬೇಡಿ. ಸಾಕಷ್ಟು ಬೆಳಕಿಲ್ಲದ, ದೀಪವನ್ನು ಭಾಗಭಾಗವಾಗಿ ಮಂದ ಮಾಡಲಾರದ ಟಿವಿಗಳೂ ಎಚ್‌ಡಿಆರ್ ಸಂಕೇತವನ್ನು ಸ್ವೀಕರಿಸುತ್ತವೆ, ತೋರಿಸಲಾರವು. ಅವುಗಳಲ್ಲಿ ಚಿತ್ರ ಎಷ್ಟೋ ಸಲ ಇನ್ನಷ್ಟು ಕತ್ತಲಾಗಿಯೇ ಕಾಣುತ್ತದೆ.

ಈಗ ನನ್ನ ಉತ್ತರ. ಕಾರ್ಖಾನೆಗಳು ತಮ್ಮ ಒಳ್ಳೆಯ ಪರದೆ, ಒಳ್ಳೆಯ ಹಿಂಬೆಳಕು, ಚಿತ್ರವನ್ನು ಹದಗೊಳಿಸುವ ಒಳ್ಳೆಯ ಸಂಸ್ಕಾರಕ (ಪ್ರೊಸೆಸರ್) ಎಲ್ಲವನ್ನೂ 4ಕೆ ಮಾದರಿಗಳಿಗೇ ಮೀಸಲಿಟ್ಟಿವೆ. ಇಂದು ಹೊಸದಾಗಿ ತಯಾರಾಗುವ ಫುಲ್ ಎಚ್‌ಡಿ ಟಿವಿಗಳು ಸಾಮಾನ್ಯವಾಗಿ ಅವರ ಪಟ್ಟಿಯ ಕೊನೆಯ ಸಾಲಿನವು. ಆದ್ದರಿಂದ 50 ಇಂಚು ಅಥವಾ ಅದಕ್ಕಿಂತ ದೊಡ್ಡದು ಬೇಕಾದರೆ 4ಕೆ ಕೊಳ್ಳಿ, 4ಕೆ ಎಂಬ ಕಾರಣಕ್ಕಲ್ಲ, ಒಳ್ಳೆಯ ಪರದೆ ಅದರಲ್ಲೇ ಸಿಗುತ್ತದೆ ಎಂಬ ಕಾರಣಕ್ಕೆ. 43 ಇಂಚಿನವರೆಗೆ, ಎರಡು ಮೀಟರ್ ಅಥವಾ ಹೆಚ್ಚು ದೂರದಿಂದ ನೋಡುವುದಾದರೆ ಒಳ್ಳೆಯ ಫುಲ್ ಎಚ್‌ಡಿಯಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ಟಿವಿಯನ್ನೇ ಗಣಕದ ಪರದೆಯಾಗಿ ಬಳಸುವವರು ಮಾತ್ರ ಗಾತ್ರ ಏನೇ ಇರಲಿ 4ಕೆಗೆ ಹೋಗಬೇಕು, ಫುಲ್ ಎಚ್‌ಡಿಯಲ್ಲಿ ಅಕ್ಷರಗಳು ಅಷ್ಟು ಹತ್ತಿರದಿಂದ ಒಡೆದು ಕಾಣುತ್ತವೆ. 8ಕೆಯ ವಿಷಯ ಬಿಡಿ. ನಮ್ಮದೇ ಲೆಕ್ಕದ ಪ್ರಕಾರ 55 ಇಂಚಿನ 8ಕೆ ಪರದೆಯ ಪೂರ್ಣ ಪ್ರಯೋಜನ ಬೇಕಾದರೆ ಅರ್ಧ ಮೀಟರಿಗೆ ಮೂಗು ಒಡ್ಡಿ ಕೂರಬೇಕು.

ಬಳಸಿದ ಟಿವಿ ಕೊಳ್ಳುವವರಿಗೆ ಒಂದು ಮಾತು. ಒಳ್ಳೆಯ ಸ್ಥಿತಿಯ ಫುಲ್ ಎಚ್‌ಡಿ ಪ್ಲಾಸ್ಮಾ ಅಥವಾ ಫುಲ್ ಎಚ್‌ಡಿ ಒಎಲ್‌ಇಡಿ ಸಿಕ್ಕರೆ, ಚಲನಚಿತ್ರ ಪ್ರಿಯರಾಗಿದ್ದರೆ, ಒಮ್ಮೆ ಕತ್ತಲ ಕೋಣೆಯಲ್ಲಿ ನೋಡಿ ಬನ್ನಿ. ಬಿಳಿ ಪರದೆ ತೋರಿಸಲು ಹೇಳಿ, ವಾಹಿನಿಯ ಲಾಂಛನದ ನೆರಳು ಮೂಲೆಯಲ್ಲಿ ಅಚ್ಚೊತ್ತಿ ನಿಂತಿದೆಯೇ ಗಮನಿಸಿ. ಆದರೆ ಮೊದಲ ತಲೆಮಾರಿನ, 2012ರಿಂದ 2014ರ ನಡುವಿನ 4ಕೆ ಟಿವಿಗಳಿಂದ ದೂರವಿರಿ. ಅವು ಎಚ್‌ಡಿಆರ್‌10 ಬರುವ ಮೊದಲೇ ಹುಟ್ಟಿದವು. ಅನೇಕವುಗಳಲ್ಲಿ ಹೊರಗಿನ ಪೆಟ್ಟಿಗೆಗಳನ್ನು ಜೋಡಿಸುವ ಎಚ್‌ಡಿಎಂಐ ಕಿಂಡಿಯ 1.4 ಆವೃತ್ತಿ ಇದ್ದು, ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಚೌಕಟ್ಟಿಗಿಂತ (ಫ್ರೇಮ್) ಹೆಚ್ಚು ಓಡುವುದಿಲ್ಲ. 60 ಸಾಧ್ಯವಾದದ್ದು 2013ರಲ್ಲಿ ಬಂದ 2.0ರಿಂದ. ನಕಲು ತಡೆಯುವ ಎಚ್‌ಡಿಸಿಪಿ 2.2 ಎಂಬ ಬೀಗದ ಕೀಲಿ ಇಲ್ಲದಿದ್ದರೆ ಹೊರಗಿನ ಪೆಟ್ಟಿಗೆಗಳಿಂದ 4ಕೆ ಚಲನಚಿತ್ರವೇ ಬರುವುದಿಲ್ಲ. ಹೆಸರಿಗೆ ಹೊಸದು, ಬಳಕೆಗೆ ಫುಲ್ ಎಚ್‌ಡಿಗಿಂತ ಮುಂದಿಲ್ಲ.

ಟಿವಿಯೊಳಗಿನ ಆ್ಯಪ್‌ಗಳನ್ನು ನೋಡಿ ಯಾವುದನ್ನೂ ಆರಿಸಬೇಡಿ. ಪರದೆ ಹತ್ತು ವರ್ಷ ಬಾಳಬಹುದು, ಆ್ಯಪ್‌ಗಳು ಅಷ್ಟು ಬಾಳುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಕೆಲವು ಹಳೆಯ ಸ್ಯಾಮ್‌ಸಂಗ್ ಮತ್ತು ವಿಜಿಯೊ ಟಿವಿಗಳಲ್ಲಿ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಪರದೆಗಳಿಗೆ ಏನೂ ಆಗಿರಲಿಲ್ಲ. ಎಚ್‌ಡಿಎಂಐಗೆ ಸಿಕ್ಕಿಸುವ, ಆ್ಯಪ್‌ಗಳನ್ನು ಓಡಿಸುವ ಸಣ್ಣ ಕಡ್ಡಿಯೊಂದು (ಸ್ಟ್ರೀಮಿಂಗ್ ಸ್ಟಿಕ್) ಹಳೆಯ ಟಿವಿಯನ್ನು ಮತ್ತೆ ಹೊಸತು ಮಾಡುತ್ತದೆ.

ತಂದೆಯ ಟಿವಿಯನ್ನು ಹಿಂದಿರುಗಿಸಲಿಲ್ಲ. ಅವರ ದೃಷ್ಟಿಗೆ ಬೇಕಾದದ್ದು ಹೆಚ್ಚು ಚುಕ್ಕಿಗಳಲ್ಲ, ಹೆಚ್ಚು ಗಾತ್ರ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಪರದೆಯ ಕೆಳಗೆ ಓಡುವ ಸಾಲುಗಳನ್ನು ಅವರಿಗೆ ಓದಲಾಗುತ್ತಿರಲಿಲ್ಲ, ಅದನ್ನು ಯಾರಿಗೂ ಹೇಳಿಯೂ ಇರಲಿಲ್ಲ. ಅವರು ನೋಡುವ ವಾಹಿನಿಗಳ ಎಚ್‌ಡಿ ಆವೃತ್ತಿಯನ್ನು ಹಾಕಿಸಿದೆ. ಅಂಗಡಿಯ ಬೆಳಕಿಗೆಂದು ಹೊಂದಿಸಿದ್ದ ಝಗಝಗಿಸುವ ಚಿತ್ರವಿಧಾನ ತೆಗೆದು ಸಿನಿಮಾ ವಿಧಾನಕ್ಕೆ ತಂದೆ. ಮುಖಗಳಿಗೆ ಮೇಣ ಹಚ್ಚುತ್ತಿದ್ದ, ಚಿತ್ರದ ಕಾಳುಕಾಳನ್ನು ಒರೆಸುವ "ನಾಯ್ಸ್ ರಿಡಕ್ಷನ್" ಅನ್ನು ನಿಲ್ಲಿಸಿದೆ, ಚೂಪುತನವನ್ನು ಸೊನ್ನೆಗೆ ಇಳಿಸಿದೆ, ಹಳೆಯ ಚಲನಚಿತ್ರಗಳನ್ನು ಧಾರಾವಾಹಿಯಂತೆ ಜಾರುವಂತೆ ಮಾಡುವ ಚಲನೆಯ ನಯಗೊಳಿಸುವಿಕೆಯನ್ನೂ ತೆಗೆದೆ. ಆಮೇಲೆ ಅಳತೆಪಟ್ಟಿ ಹಿಡಿದು ಅವರ ಕುರ್ಚಿಯನ್ನು ಗೋಡೆಯಿಂದ 2.4 ಮೀಟರಿಗೆ ಸರಿಸಿದೆ. ಅವರು ಕೂತು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಪರದೆಯ ಕೆಳಗಿನ ಸಾಲನ್ನು ಗಟ್ಟಿಯಾಗಿ, ಒಂದೊಂದೇ ಪದವಾಗಿ ಓದತೊಡಗಿದರು.