ಎಷ್ಟು ಹಾಸಿಗೆಯಿಂದ ಶುರು ಮಾಡಬೇಕು?

"ಮಲಾವಿಯಲ್ಲಿ ಜಾಗ ಸಿಕ್ಕಿದೆ, ಕಟ್ಟಡಕ್ಕೆ ದಾನಿಗಳೂ ಇದ್ದಾರೆ. ಎಷ್ಟು ಹಾಸಿಗೆಯ ಆಸ್ಪತ್ರೆ ಕಟ್ಟೋಣ?" ಆಫ್ರಿಕಾಕ್ಕೆ ಹೊರಟ ಧರ್ಮಸಂಸ್ಥೆಗಳವರು, ಅವರ ಜೊತೆಗೆ ಹೊರಟ ವೈದ್ಯರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಇದೇ.

ಹಾಸಿಗೆ ಆಮೇಲೆ ಎಣಿಸಿ. ನಡುರಾತ್ರಿ ಎರಡು ಗಂಟೆಗೆ ಒಂದು ಸಿಸೇರಿಯನ್ ಮಾಡಿ ತಾಯಿ, ಮಗು ಇಬ್ಬರನ್ನೂ ಉಳಿಸಿಕೊಳ್ಳಲು ಏನೇನು ಬೇಕೋ ಅದನ್ನು ಮೊದಲು ಎಣಿಸಿ. ನೀರು, ಕರೆಂಟು, ಆಮ್ಲಜನಕ, ಸ್ಟೆರೈಲ್ ಆದ ಬಟ್ಟೆ, ರಕ್ತ, ಕರೆದರೆ ಬರುವ ನರ್ಸು. ಇಷ್ಟಿದ್ದರೆ ಹತ್ತು ಹಾಸಿಗೆಯದೂ ಆಸ್ಪತ್ರೆಯೇ. ಇಲ್ಲದಿದ್ದರೆ ನೂರು ಹಾಸಿಗೆಯದೂ ಛತ್ರ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಶುರು ಮಾಡಿದ್ದೂ ಹೋಮಿಯೋಪಥಿ ಔಷಧ ಹಂಚುವುದರಿಂದ. ವಾರ್ಡುಗಳು ಬಂದದ್ದು ಆಮೇಲೆ.

ಲೆಕ್ಕಕ್ಕೆ 20 ಹಾಸಿಗೆ ಎಂದಿಟ್ಟುಕೊಳ್ಳಿ. ಇಪ್ಪತ್ತೇ ಯಾಕೆ ಅನ್ನುವುದು ಕೊನೆಗೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಳರೋಗಿಗೆ ದಿನಕ್ಕೆ 40ರಿಂದ 60 ಲೀಟರ್ ನೀರು, ಹೊರರೋಗಿಗೆ 5 ಲೀಟರ್, ಒಂದು ಹೆರಿಗೆಗೋ ಶಸ್ತ್ರಚಿಕಿತ್ಸೆಗೋ 100 ಲೀಟರ್ ಬೇಕು. 20 ಒಳರೋಗಿಗಳು, 50 ಹೊರರೋಗಿಗಳು, ಮೂರು ಹೆರಿಗೆ ಅಂದರೆ, ಒಳರೋಗಿಗೆ 60ರಂತೆ ಹಿಡಿದು, 1,750 ಲೀಟರ್. ಇಲ್ಲಿ ಎಲ್ಲರೂ ಮರೆಯುವುದು ರೋಗಿಯ ಜೊತೆ ಬರುವವರನ್ನು. ಮಲಾವಿಯಲ್ಲಿ ರೋಗಿಗೆ ಅಡುಗೆ ಮಾಡುವುದು, ಬಟ್ಟೆ ಒಗೆಯುವುದು ಮನೆಯವರೇ. ಅವರಿಗೊಂದು ಸೂರು, ಒಲೆ, ಪಾಯಿಖಾನೆ ಕಟ್ಟದಿದ್ದರೆ ವಾರ್ಡಿನ ಜಗಲಿಯೇ ಅಡುಗೆಮನೆಯಾಗುತ್ತದೆ. ರೋಗಿಗೊಬ್ಬರಂತೆ, ತಲೆಗೆ 20 ಲೀಟರ್ ಹಿಡಿದರೂ ಇನ್ನು 400 ಸೇರಿತು. ಎರಡು ದಿನಕ್ಕಾಗುವಷ್ಟು ಅಂದರೆ 5,000 ಲೀಟರಿನ ಟ್ಯಾಂಕ್. ಕೊಳವೆಬಾವಿಯ ಇಳುವರಿಯನ್ನು ಅಕ್ಟೋಬರಿನಲ್ಲಿ, ಒಣ ಕಾಲದ ಕೊನೆಯಲ್ಲಿ, ಪರೀಕ್ಷಿಸಿ. ಫೆಬ್ರವರಿಯ ಮಳೆಯಲ್ಲಿ ಯಾವ ಬಾವಿಯೂ ತುಂಬಿದಂತೆಯೇ ಕಾಣುತ್ತದೆ.

ಆಮ್ಲಜನಕಕ್ಕೆ, ಕೋವಿಡ್ ಕಾಲದಲ್ಲಿ ನಮಗೆಲ್ಲ ಪರಿಚಯವಾದ, ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಕಾನ್ಸಂಟ್ರೇಟರ್ ಸಾಕು. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ ಸುಮಾರು 350 ವ್ಯಾಟ್ ತಿನ್ನುತ್ತದೆ. ಹಗಲೂ ರಾತ್ರಿ ಓಡಿದರೆ 8.4 ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆ. ದಿನಕ್ಕೆ ಐದು ಗಂಟೆ ಒಳ್ಳೆಯ ಬಿಸಿಲು, ಶೇಕಡ 30 ನಷ್ಟ ಎಂದು ಹಿಡಿದರೆ ಇದೊಂದಕ್ಕೇ 2.4 ಕಿಲೋವ್ಯಾಟಿನ ಸೋಲಾರ್ ಪ್ಯಾನೆಲ್ ಬೇಕು. ಬಿಸಿಲಿಲ್ಲದ 14 ಗಂಟೆಗೆ ಲೆಡ್ ಆಸಿಡ್ ಬ್ಯಾಟರಿಯಾದರೆ 10 ಕಿಲೋವ್ಯಾಟ್-ಗಂಟೆಯದು, ಯಾಕೆಂದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. "ನಾಲ್ಕು ಪ್ಯಾನೆಲ್ ಹಾಕಿಸಿದ್ದೇವೆ" ಅನ್ನುವವರಿಗೆ ಈ ಲೆಕ್ಕ ತೋರಿಸಿ. ಯಂತ್ರದೊಳಗೆ ಗಾಳಿಯ ಸಾರಜನಕವನ್ನು ಹಿಡಿದಿಡುವ ಜಿಯೋಲೈಟ್ ಹರಳು ತೇವ ಹೀರಿದರೆ ಯಂತ್ರ ಓಡುತ್ತಲೇ ಇರುತ್ತದೆ, ಆದರೆ ಬರುವುದು ಬರೀ ಗಾಳಿ. ಸದ್ದು ಕೇಳಿ ನಂಬಬೇಡಿ. ಅಳೆಯುವ ಮೀಟರ್ ಇಟ್ಟುಕೊಂಡು ಆಮ್ಲಜನಕ ಶೇಕಡ 82ಕ್ಕಿಂತ ಇಳಿದರೆ ಯಂತ್ರ ಬದಲಿಸಿ. ಧೂಳಿನ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಬೇಕು. ಬೇಡವೆಂದು ಮೂಲೆಗಿಟ್ಟ ಯಂತ್ರ ಮಳೆಗಾಲದಲ್ಲಿ ಬೇಗ ಕೆಡುವುದರಿಂದ ಅದನ್ನೂ ಆಗಾಗ ಓಡಿಸಿ. ಕರೆಂಟು ಕೈಕೊಟ್ಟಾಗಿನ ಪಾಡಿಗೆ ಒಂದು ದೊಡ್ಡ ಸಿಲಿಂಡರ್: 6,800 ಲೀಟರಿನದು ನಿಮಿಷಕ್ಕೆ ಐದು ಲೀಟರಿನ ವೇಗದಲ್ಲಿ ಹತ್ತಿರ ಹತ್ತಿರ 23 ಗಂಟೆ ಬರುತ್ತದೆ.

ಒತ್ತಡದ ಹಬೆಯಿಂದ ಸಲಕರಣೆಗಳನ್ನು ಸ್ಟೆರೈಲ್ ಮಾಡುವ ಆಟೋಕ್ಲೇವ್ ವಿಷಯದಲ್ಲಿ ಸಮುದ್ರಮಟ್ಟದಲ್ಲಿ ಕಲಿತವರು ಎಡವುತ್ತಾರೆ. ಗೇಜು ಚದರ ಇಂಚಿಗೆ 15 ಪೌಂಡ್ ಒತ್ತಡ ತೋರಿಸಿದರೆ 121 ಡಿಗ್ರಿ ಎಂಬ ಪಾಠ ಮಂಗಳೂರಿಗೆ ಸರಿ. ಮಲಾವಿಯ ರಾಜಧಾನಿ ಲಿಲೊಂಗ್ವೆ ಇರುವುದು ಸುಮಾರು 1,050 ಮೀಟರ್ ಎತ್ತರದಲ್ಲಿ, ಹೊರಗಿನ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಅಲ್ಲಿ 15 ಪೌಂಡಿಗೆ ಸಿಗುವುದು ಸುಮಾರು 119 ಡಿಗ್ರಿ. 121 ಮುಟ್ಟಲು ಗೇಜು 17ರ ಹತ್ತಿರ ಬರಬೇಕು. ಯಂತ್ರ ಅಷ್ಟು ತಡೆಯುವಂಥದೇ ಎಂದು ಕೊಳ್ಳುವ ಮುಂಚೆ ಕೇಳಿ. ಬಟ್ಟೆ ಸುತ್ತಿದ ಸಲಕರಣೆಗೆ ಆ ಶಾಖದಲ್ಲಿ 30 ನಿಮಿಷ, ಆಮೇಲೆ ಪೂರ್ತಿ ಒಣಗಬೇಕು. ಒದ್ದೆ ಕಟ್ಟನ್ನು ಹೊರಗೆ ತೆಗೆದಿಟ್ಟರೆ ನೀರಿನ ಜೊತೆ ಕ್ರಿಮಿಯೂ ಒಳಗಿಳಿಯುತ್ತದೆ. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಇರಲಿ. ಸಮುದ್ರವಿಲ್ಲದ ದೇಶ, ಬಿಡಿಭಾಗ ಮೊಜಾಂಬಿಕಿನ ಬೈರಾ ಬಂದರಿನಿಂದಲೋ ಟಾಂಜಾನಿಯಾದ ದಾರ್ ಎಸ್ ಸಲಾಮಿನಿಂದಲೋ ಲಾರಿ ಹತ್ತಿ ಬರಬೇಕು.

ದಾನದ ಕಂಟೇನರಿನ ಬಗ್ಗೆ ಎರಡೇ ಮಾತು. ಅಮೆರಿಕದ ಯಂತ್ರ 60 ಹರ್ಟ್ಸಿನದು, ಮಲಾವಿಯ ಕರೆಂಟು ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಸರಿಮಾಡುತ್ತದೆ, ಹರ್ಟ್ಸ್ ಸರಿಮಾಡುವುದಿಲ್ಲ. ಮೋಟಾರು ಬಿಸಿಯಾಗಿ ಸುಡುತ್ತದೆ. ಬೆಂಗಳೂರಿನಿಂದ ಒಯ್ದದ್ದಕ್ಕೆ ಪ್ಲಗ್ ಬದಲಿಸಿದರೆ ಮುಗಿಯಿತು, ಅಲ್ಲಿ ಚಪ್ಪಟೆ ಮೂರು ಪಿನ್ನಿನ ಬ್ರಿಟಿಷ್ ಸಾಕೆಟ್ಟು. ಔಷಧವಾದರೆ, ತಲುಪಿದ ದಿನದಿಂದ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು, ಆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿರಬೇಕು. ಉಳಿದದ್ದೆಲ್ಲ ನೀವೇ ಸುಡಬೇಕಾದ ಕಸ.

ಕಾಗದಪತ್ರದಲ್ಲಿ ಊರಿನ ಮುಖ್ಯಸ್ಥ, ಅವನ ಮೇಲಿನ ಸಾಂಪ್ರದಾಯಿಕ ನಾಯಕ, ಜಿಲ್ಲಾ ಆರೋಗ್ಯ ಕಚೇರಿ, ಈ ಮೂವರನ್ನೂ ಬಿಟ್ಟು ಅಡಿಪಾಯ ಹಾಕಬೇಡಿ. ಅಲ್ಲಿನ ಮಿಷನ್ ಆಸ್ಪತ್ರೆಗಳ ಒಕ್ಕೂಟ 1966ರಿಂದ ಇದೆ. ಅದರ ಆಸ್ಪತ್ರೆಗಳ ಸ್ಥಳೀಯ ಸಿಬ್ಬಂದಿಗೆ ಸರ್ಕಾರವೇ ಸಂಬಳ ಕೊಡುತ್ತದೆ, ಹೆರಿಗೆ ಉಚಿತವಾಗಿ ಮಾಡಿಸಲು ಒಪ್ಪಂದವನ್ನೂ ಮಾಡಿಕೊಳ್ಳುತ್ತದೆ. ಆ ಹಣ ತಡವಾಗಿ ಬರುವುದುಂಟು. ಕೆಲವು ತಿಂಗಳ ಖರ್ಚು ಕೈಯಲ್ಲಿರಲಿ. ಸಿಸೇರಿಯನ್ ಮಾಡಲು ವಿದೇಶಿ ಸರ್ಜನ್ನೇ ಬೇಕೆಂದು ಕಾಯಬೇಡಿ, ಆ ದೇಶದಲ್ಲಿ ಅದನ್ನು ಹೆಚ್ಚಾಗಿ ಮಾಡುವವರು ಡಾಕ್ಟರರಲ್ಲ, ತರಬೇತಾದ ಕ್ಲಿನಿಕಲ್ ಆಫೀಸರುಗಳು.

ಇನ್ನು ಆ ಇಪ್ಪತ್ತು. ವಾರಕ್ಕೆ 168 ಗಂಟೆ, ಒಬ್ಬ ನರ್ಸ್ ಕೆಲಸ ಮಾಡುವುದು 40 ಗಂಟೆ. ಒಂದು ಜಾಗ ಖಾಲಿ ಬೀಳದಿರಲು 4.2 ಜನ, ರಜೆ, ಕಾಯಿಲೆ ಸೇರಿಸಿದರೆ ಐದು. ಹೆರಿಗೆ ಕೋಣೆಗೊಬ್ಬರು, ವಾರ್ಡಿಗೊಬ್ಬರು ಅಂದರೆ ಹತ್ತು ನರ್ಸುಗಳು. ರಾತ್ರಿ ವಾರ್ಡಿನಲ್ಲಿ ಒಬ್ಬರೇ ಇಪ್ಪತ್ತು ರೋಗಿಗಳನ್ನು ನೋಡುವುದೇ ಹೆಚ್ಚು. ಹಳ್ಳಿಯಲ್ಲಿ ಮನೆ ಇಲ್ಲದಿದ್ದರೆ ಆ ಹತ್ತು ಜನ ಬರುವುದೇ ಇಲ್ಲ. ಹಾಗಾಗಿ ಮೊದಲು ಅವರ ಮನೆಗಳ ಖರ್ಚು ತೆಗೆದಿಡಿ, ವಾರ್ಡಿನ ಅಳತೆ ಉಳಿದ ಹಣದಲ್ಲಿ.