ತಟ್ಟೆ ಮುಂದೆ ಹಿಡಿದವನು ನಾನೇ

"ಇನ್ನೊಂದು ಸೌಟು ಹಾಕ್ಲಾ ಅಂತ ನಾನು ಕೇಳೇ ಇಲ್ಲ ಕಣ್ರೀ. ನೀವೇ ತಟ್ಟೆ ಮುಂದೆ ಹಿಡಿದ್ರಿ."

ಮಂಗಳವಾರ ಬೆಳಿಗ್ಗೆ ಹೆಂಡತಿ ಹೀಗಂದಾಗ ತಟ್ಟೆ ನೋಡಿಕೊಂಡೆ. ನವಣೆ ಉಪ್ಪಿಟ್ಟು! ಗಂಟಲಲ್ಲಿ ತರಿತರಿ ಅನ್ನುತ್ತೆ ಅಂತ ಇಷ್ಟು ವರ್ಷ ನಾನು ಬೈದುಕೊಂಡು ಬಂದ ನವಣೆ.

ಶುರುವಾಗಿದ್ದು ಅಕ್ಕನಿಂದ. ಮನೆಯಲ್ಲೇ ನವಣೆ ಉಪ್ಪಿಟ್ಟಿನ ಮಿಕ್ಸ್ ಮಾಡಿ ಮಾರುತ್ತಾಳೆ. ಹೋದ ತಿಂಗಳು ಯಾರೋ ಗಿರಾಕಿ ಫೋನಲ್ಲಿ ಅನುಮಾನ ಪಡ್ತಿದ್ದರು. "ನೀನೇ ಸ್ವಲ್ಪ ಹೇಳೋ" ಅಂತ ಫೋನ್ ನನ್ನ ಕೈಗಿಟ್ಟಳು. "ತುಂಬಾ ಚೆನ್ನಾಗಿದೆ ಮೇಡಂ, ನಮ್ಮನೇಲಿ ವಾರಕ್ಕೆರಡು ಸಲ ಮಾಡ್ತೀವಿ" ಅಂದುಬಿಟ್ಟೆ. ಸಿಕ್ಕಿದ್ದು ಅರ್ಧ ಲೋಟ ಕಾಫಿ, ಅದೂ ಆರಿದ್ದು. ಅಕ್ಕನ ಕೈ ಮೊದಲಿಂದಲೂ ಬಿಗಿ.

1959ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹುಡುಗರ ಮೇಲೆ ಮಾಡಿದ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗಂಟೆ ಬೇಜಾರಿನ ಕೆಲಸ: ಹಲಗೆಯ ಮೇಲಿನ 48 ಗೂಟಗಳನ್ನು ಸುಮ್ನೆ ತಿರುಗಿಸುತ್ತಾ ಕೂರುವುದು, ಅಂಥದ್ದು. ಆಮೇಲೆ ಮುಂದೆ ಬರುವವರಿಗೆ "ಮಜಾ ಇತ್ತು" ಅಂತ ಸುಳ್ಳು ಹೇಳಬೇಕು. ಕೆಲವರಿಗೆ 20 ಡಾಲರ್, ಕೆಲವರಿಗೆ ಒಂದೇ ಡಾಲರ್. ಕೊನೆಗೆ ಆ ಕೆಲಸ ಚೆನ್ನಾಗಿಯೇ ಇತ್ತು ಅಂತ ಜಾಸ್ತಿ ಒಪ್ಪಿಕೊಂಡವರು ಒಂದು ಡಾಲರಿನವರು! 20 ಡಾಲರಿನವರಿಗೆ ದುಡ್ಡಿಗಾಗಿ ಹೇಳಿದೆ ಅನ್ನುವ ನೆಪ ಇತ್ತು. ಇವರಿಗೆ ಅದೂ ಇಲ್ಲ. ಆಡಿದ ಮಾತಿಗೆ ಮನಸ್ಸನ್ನೇ ಹೊಂದಿಸಿಕೊಂಡರು.

ಅಕ್ಕ ಎರಡು ಸಾವಿರ ಕೊಟ್ಟಿದ್ದರೆ ನನಗೆ ನವಣೆ ಇವತ್ತಿಗೂ ಸೇರುತ್ತಿರಲಿಲ್ಲವೇನೋ.

ಇಷ್ಟಕ್ಕೇ ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಚಿಕ್ಕಪ್ಪ ನೆನಪಾದರು. ವರದಕ್ಷಿಣೆ ಅಂದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದವರು. ಮಗನ ಮದುವೆಯಲ್ಲಿ ಕಾರು ಬಂತು. ಯಾರೂ ಬಲವಂತ ಮಾಡಿರಲಿಲ್ಲ, ಬೇಡ ಅನ್ನಬಹುದಿತ್ತು. ಈಗ ಕೇಳಿದರೆ, "ಅದು ವರದಕ್ಷಿಣೆ ಅಲ್ಲಪ್ಪ, ಅವರು ಮಗಳಿಗೆ ಪ್ರೀತಿಯಿಂದ ಕೊಟ್ಟಿದ್ದು. ಕೊಡೋದರಲ್ಲಿ ತಪ್ಪೇನಿದೆ?" ಅಂತಾರೆ. ಎಂಥ ನಾಟಕ ಅಂತ ಸಿಟ್ಟು ಬರುತ್ತಿತ್ತು. ನಾಟಕ ಅಲ್ಲ ಅಂತ ಈ ವಾರ ಅನ್ನಿಸಿತು. ನಿಜವಾಗಿ ನಂಬಿಬಿಟ್ಟಿದ್ದಾರೆ. ಅದು ಇನ್ನೂ ಭಯ.

ನಿನ್ನೆ ಅಕ್ಕ ಮತ್ತೆ ಫೋನ್ ಮಾಡಿದಳು. ಸಜ್ಜೆ ದೋಸೆ ಮಿಕ್ಸ್ ಬಂದಿದೆಯಂತೆ, ಇನ್ನೊಬ್ಬರ ಹತ್ತಿರ ಮಾತಾಡಬೇಕಂತೆ.

"ಎಷ್ಟು ಕೊಡ್ತೀಯ?" ಅಂದೆ.